ಗರಡಿ, ದೊಣ್ಣೆ, ಹುಡೇವು: ಮಧುಗಿರಿ ಸೀಮೆಯ ಆತ್ಮರಕ್ಷಣೆಯ ಚರಿತ್ರೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಊರಮುಂದೆ, ಕೆರೆ ಏರಿಯ ಮೇಲೆ, ಹಾಳು ಗುಡಿಗಳ ಪಕ್ಕದಲ್ಲಿ ನಿಂತಿರುವ ವೀರಗಲ್ಲುಗಳು ಈ ಸೀಮೆಯ ಕಾದಾಟದ ಮೊದಲ ದಾಖಲೆಗಳು. ಕಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ವೀರ ಹೋರಾಡುತ್ತಿರುತ್ತಾನೆ. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ, ಮೇಲಿನದರಲ್ಲಿ ಅವನು ಶಿವನ ಸನ್ನಿಧಿಯಲ್ಲಿ ಕುಳಿತಿರುತ್ತಾನೆ. ಅವನು ಸತ್ತದ್ದು ಏತಕ್ಕೆ ಎಂಬುದನ್ನು ಶಾಸನಗಳು ಕೆಲವೇ ಪದಗಳಲ್ಲಿ ಹೇಳಿ ಮುಗಿಸುತ್ತವೆ. ದನಗಳನ್ನು ಹೊಡೆದುಕೊಂಡು ಹೋದವರನ್ನು ತಡೆದದ್ದು 'ತುರುಗೊಳ್', ಹೆಂಗಸರ ಮಾನ ಕಾಯಲು ಹೋದದ್ದು 'ಪೆಣ್ಬುಯ್ಯಲ್', ಊರಿಗೆ ಊರೇ ನಾಶವಾಗುವಾಗ ಅಡ್ಡ ನಿಂತದ್ದು 'ಊರಳಿವು'. ಈ ಸೀಮೆಯನ್ನು ಆಳಿದ ನೊಳಂಬ ಅರಸರ ರಾಜಧಾನಿ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಶಿರಾ ಮತ್ತು ಪಾವಗಡಕ್ಕೆ ಹತ್ತಿರದಲ್ಲೇ, ಈಗಿನ ಆಂಧ್ರದ ಗಡಿಯೊಳಗಿದೆ. ಅವರ ನಂತರ ನಿಡುಗಲ್ಲಿನ ಚೋಳರು ಪಾವಗಡ ಸೀಮೆಯ ನಿಡುಗಲ್ ದುರ್ಗದಿಂದ ಆಳಿದರು. ಇವರೆಲ್ಲರ ಆಳ್ವಿಕೆಯ ಉದ್ದಕ್ಕೂ ಕಲ್ಲಾದವರಲ್ಲಿ ಅರಸನ ಸಂಬಳ ತಿಂದ ಸೈನಿಕರು ಮಾತ್ರವಲ್ಲ, ದನ ಕಾಯುವವರೂ ಒಕ್ಕಲಿನವರೂ ಇದ್ದರು. ಅವರ ಕೈಯಲ್ಲಿ ಕಾಣುವುದು ಬಿಲ್ಲು, ಗಿಡ್ಡ ಕತ್ತಿ, ಗುರಾಣಿ, ಸುರಗಿ. ಬರಿಗೈಯಲ್ಲಿ ಕಾದಿ ಸತ್ತವನ ಚಿತ್ರ ಅಪರೂಪ. ಆತ್ಮರಕ್ಷಣೆಗೆ ಯಾವ ವಿದ್ಯೆ ಒದಗುತ್ತದೆ ಎಂಬ ಪ್ರಶ್ನೆಗೆ ಈ ಕಲ್ಲುಗಳು ಕೊಡುವ ಉತ್ತರ ಸ್ಪಷ್ಟವಾಗಿದೆ: ಕೈಗೆ ಸಿಗುವ ಆಯುಧವೊಂದು ಮೊದಲು ಬೇಕು, ಅದನ್ನು ಬೀಸುವ ಅಭ್ಯಾಸ ಅದಕ್ಕೂ ಮೊದಲು ಇರಬೇಕು.

ಅರಮನೆಯ ಕಾಳಗ ಬೇರೆಯೇ ಬಗೆಯದು. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' 12ನೆಯ ಶತಮಾನದ ಗ್ರಂಥ. ಅದರಲ್ಲಿ ಮಲ್ಲರ ದರ್ಜೆ, ಆಹಾರ, ಸಾಧನೆ, ಪಟ್ಟುಗಳ ವಿವರವೆಲ್ಲ ಇದೆ, ಆದರೆ ಅದು ಬರುವುದು ದೊರೆಯ ವಿನೋದಗಳ ಸಾಲಿನಲ್ಲಿ. 1520ರ ಸುಮಾರಿಗೆ ವಿಜಯನಗರದ ಮಹಾನವಮಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಅಲ್ಲಿಯ ಜಟ್ಟಿಗಳು ಹಲ್ಲು ಮುರಿಯುವಂತೆ, ಕಣ್ಣು ಹೋಗುವಂತೆ ಗುದ್ದಾಡುತ್ತಿದ್ದುದನ್ನು ಬರೆದಿದ್ದಾನೆ. ಅವನ ನಂತರ ಬಂದ ನ್ಯೂನಿಜ್, ಇಬ್ಬರ ನಡುವಿನ ದ್ವಂದ್ವಕ್ಕೆ ಮಂತ್ರಿಯ ಅಪ್ಪಣೆ ಬೇಕಿತ್ತೆಂದೂ, ಗೆದ್ದವನಿಗೆ ಸತ್ತವನ ಆಸ್ತಿ ಸೇರುತ್ತಿತ್ತೆಂದೂ ತಿಳಿಸುತ್ತಾನೆ. ಅಪ್ಪಣೆ ಪಡೆದು, ಕಣ ಸಜ್ಜುಮಾಡಿ, ಸಮಬಲರನ್ನು ಎದುರುಬದುರು ನಿಲ್ಲಿಸಿ ನಡೆಸುವ ಈ ಹೋರಾಟ ಎಷ್ಟೇ ಭೀಕರವಾಗಿದ್ದರೂ, ನಡುರಾತ್ರಿ ದನದ ಕೊಟ್ಟಿಗೆಗೆ ನುಗ್ಗಿದವನನ್ನು ಎದುರಿಸುವುದಕ್ಕೂ ಇದಕ್ಕೂ ಸಂಬಂಧ ದೂರದ್ದು. ಯುದ್ಧಕಲೆಗಳನ್ನು ಹೋಲಿಸಹೊರಟವರು ಈ ವ್ಯತ್ಯಾಸವನ್ನು ಮರೆತರೆ ಹೋಲಿಕೆಯೇ ದಾರಿ ತಪ್ಪುತ್ತದೆ.

ವಿಜಯನಗರದ ನಂತರ ಈ ಸೀಮೆ ಪಾಳೆಯಗಾರರ ಕೈಗೆ ಬಂತು. ಹಳೆಯ ದಾಖಲೆಗಳಲ್ಲಿ ಮದ್ದಗಿರಿ ಎಂದು ಕಾಣುವ ಮಧುಗಿರಿಯಲ್ಲಿ ಮಹಾನಾಡ ಪ್ರಭುಗಳು ಆಳಿದರು. 1678ರಲ್ಲಿ ಅದು ಮೈಸೂರಿನ ಚಿಕ್ಕದೇವರಾಜ ಒಡೆಯರ ವಶವಾಯಿತು. ಶಿರಾ 17ನೆಯ ಶತಮಾನದ ನಡುವೆ ಬಿಜಾಪುರದವರ ಪಾಲಾಗಿ, ಔರಂಗಜೇಬ 1686ರಲ್ಲಿ ಬಿಜಾಪುರವನ್ನು ಗೆದ್ದ ಮೇಲೆ ಮೊಗಲರ ಸುಬಾದ ಕೇಂದ್ರವಾಯಿತು. 1761ರಲ್ಲಿ ಹೈದರಾಲಿ ಶಿರಾವನ್ನು ಹಿಡಿದ, 1766ರಲ್ಲಿ ಮರಾಠರು ಕಿತ್ತುಕೊಂಡರು, 1774ರಲ್ಲಿ ಟಿಪ್ಪು ಮರಳಿ ಪಡೆದ. ಕೆಳದಿಯ ರಾಣಿ ವೀರಮ್ಮಾಜಿಯನ್ನು ಹೈದರ್ 1763ರಲ್ಲಿ ಮಧುಗಿರಿ ದುರ್ಗದಲ್ಲೇ ಸೆರೆಯಿಟ್ಟ. 1767ರಲ್ಲಿ ಮರಾಠರು ಕೋಟೆಯನ್ನು ಹಿಡಿದಾಗ ಆಕೆಗೆ ಬಿಡುಗಡೆಯಾಯಿತು. ಮಧುಗಿರಿಯಲ್ಲಿ ಇಂದಿಗೂ ಅದ್ದೂರಿಯಾಗಿ ಜಾತ್ರೆ ನಡೆಯುವ ದೇವಿಯ ಹೆಸರು ದಂಡಿನ ಮಾರಮ್ಮ. ದಂಡೆಂದರೆ ಸೈನ್ಯ. ನೂರು ವರ್ಷ ಒಂದಲ್ಲ ಒಂದು ದಂಡು ತುಳಿದುಹೋದ ನೆಲ ಇದು.

ಕುದುರೆಯ ಮೇಲೆ ಬಂದು ಬೆಳೆ, ದನ, ಕಾಳು ದೋಚುವ ದಂಡಿನೆದುರು ಒಬ್ಬೊಬ್ಬನ ತೋಳ್ಬಲಕ್ಕೆ ಬೆಲೆ ಕಡಿಮೆ. ಜನ ಕಂಡುಕೊಂಡದ್ದು ಊರೊಟ್ಟಿನ ರಕ್ಷಣೆಯನ್ನು. ಊರ ಸುತ್ತ ಮಣ್ಣಿನ ಗೋಡೆ, ಅದರ ಹೊರಗೆ ಕಳ್ಳಿ ಬೇಲಿ, ನಡುವೆ ಹುಡೇವು ಎಂಬ ದುಂಡನೆಯ ಎತ್ತರದ ಕಾವಲು ಬುರುಜು. ಹುಡೇವಿನ ಮೇಲೊಬ್ಬ ಕಾವಲುಗಾರ ಸದಾ ಇರುತ್ತಿದ್ದ. ದೂರದಲ್ಲಿ ಧೂಳೆದ್ದರೆ ಕೊಂಬು ಊದುತ್ತಿದ್ದ, ತಮಟೆ ಬಡಿಯುತ್ತಿದ್ದ. ಹೊಲದಲ್ಲಿದ್ದವರು ಒಳಗೆ ಓಡಿ ಬರುತ್ತಿದ್ದರು, ಬಾಗಿಲು ಮುಚ್ಚುತ್ತಿತ್ತು. ಕಾಳು ಅದಾಗಲೇ ನೆಲದೊಳಗಿನ ಹಗೇವಿನಲ್ಲಿ ಅಡಗಿರುತ್ತಿತ್ತು. ಮೇಲಿನಿಂದ ಬೀಸುವುದಕ್ಕೆ ಕವಣೆ ಕಲ್ಲು ಸಾಕಾಗುತ್ತಿತ್ತು. ರಾಗಿ, ಜೋಳದ ಹೊಲದಲ್ಲಿ ಹಕ್ಕಿ ಓಡಿಸುತ್ತ ಬೆಳೆದ ಹುಡುಗರಿಗೆ ಕವಣೆಯನ್ನು ಬೇರೆ ಯಾರೂ ಕಲಿಸಬೇಕಾಗಿರಲಿಲ್ಲ. ಊರುಗಳು ಮರಾಠರ ಹಾಗೂ ಪೆಂಡಾರಿಗಳ ಕುದುರೆ ದಂಡುಗಳ ನಡುವೆ ಉಳಿದು ಬಂದದ್ದರಲ್ಲಿ ಕತ್ತಿವರಸೆಗಿಂತ ಹುಡೇವಿನ ಪಾಲು ದೊಡ್ಡದು.

ಹುಡೇವಿಗೂ ಮೀರಿದ ಅಪಾಯ ಬಂದಾಗ ಜನ ದುರ್ಗ ಹತ್ತುತ್ತಿದ್ದರು. ಸಮುದ್ರ ಮಟ್ಟದಿಂದ ಸುಮಾರು 3,900 ಅಡಿ ಎತ್ತರದ ಮಧುಗಿರಿಯ ಏಕಶಿಲಾ ಬೆಟ್ಟದಲ್ಲಿ ಅಂತರಾಳದ ಬಾಗಿಲು, ದಿಡ್ಡಿಬಾಗಿಲು, ಮೈಸೂರು ಬಾಗಿಲುಗಳನ್ನು ಒಂದೊಂದಾಗಿ ದಾಟಬೇಕು. ದಿಡ್ಡಿಬಾಗಿಲೆಂದರೆ ಕಿರಿದಾದ ಬಾಗಿಲು. ತಲೆ ತಗ್ಗಿಸಿ, ಒಬ್ಬರ ಹಿಂದೊಬ್ಬರು ನುಸುಳಬೇಕು. ಅಲ್ಲಿಂದ ಮೇಲೆ ಬೋಳು ಬಂಡೆ, ಕಾಲೂರಲು ಕೊರೆದ ಕಿರುಗುಳಿಗಳು. ಮಳೆ ಬಿದ್ದರೆ ಬರಿಗಾಲೂ ಜಾರುತ್ತದೆ. ಉದ್ದ ಕತ್ತಿಯವನಿಗೆ ಇಂಥ ಜಾಗದಲ್ಲಿ ಬೀಸಲು ಎಡೆಯಿಲ್ಲ, ಕುಸ್ತಿಯವನಿಗೆ ನಿಲ್ಲಲು ನೆಲೆಯಿಲ್ಲ, ಸಾವಿರ ಜನ ಬಂದರೂ ಎದುರಿಗೆ ಸಿಗುವವನು ಒಬ್ಬನೇ. ಮೇಲಿನಿಂದ ಕಲ್ಲುರುಳಿಸುವ ಮುದುಕನೇ ಆ ಹೊತ್ತಿಗೆ ಬಲಶಾಲಿ. ಕೊರಟಗೆರೆ ಕಡೆಯ ಚನ್ನರಾಯನದುರ್ಗ, ಮಧುಗಿರಿಗೆ ಉತ್ತರದ ಮಿಡಿಗೇಶಿ, ಪಾವಗಡದ ಬೆಟ್ಟ, ನಿಡುಗಲ್ಲು ಎಲ್ಲವೂ ಇದೇ ಲೆಕ್ಕಾಚಾರದವು: ವಿದ್ಯೆಯ ಕೊರತೆಯನ್ನು ಜಾಗ ತುಂಬಿಕೊಡಬೇಕು.

ಒಬ್ಬೊಬ್ಬರಾಗಿ ಎದುರಿಸಬೇಕಾದ ಅಪಾಯಕ್ಕೆ ಈ ಸೀಮೆ ನೆಚ್ಚಿದ್ದು ದೊಣ್ಣೆಯನ್ನು. ಶಿರಾ ತಾಲ್ಲೂಕು ಕಾಡುಗೊಲ್ಲರ ನೆಲೆ. ದನಗಾಹಿ ವೀರ ಜುಂಜಪ್ಪನ ಮುಖ್ಯ ಸ್ಥಾನ ಕಳುವರಹಳ್ಳಿ ಇಲ್ಲಿಯೇ ಇದೆ. ದನ, ಕುರಿ ಹಿಂದೆ ಹೋಗುವವರ ಕೈಯಲ್ಲಿ ಕೋಲು ಇದ್ದೇ ಇರುತ್ತದೆ. ಸೊಪ್ಪು ಬಾಗಿಸುವುದು, ಹಾವು ಸರಿಸುವುದು, ತೋಳ ಬೆದರಿಸುವುದು, ಹಳ್ಳ ದಾಟುವುದು, ನಿಂತಲ್ಲೇ ಗದ್ದಕ್ಕೆ ಆನಿಸಿ ದಣಿವಾರಿಸಿಕೊಳ್ಳುವುದು ಎಲ್ಲ ಅದರಿಂದಲೇ. ಊರು ಕಾಯುವ ತಳವಾರ, ತೋಟಿಗಳದೂ ಇದೇ ಆಯುಧ. ಈ ಕೋಲಿನ ಬಳಕೆಯನ್ನು ಹೆಜ್ಜೆ, ತಿರುವು, ಏಟು, ತಡೆಗಳಾಗಿ ಜೋಡಿಸಿದಾಗ ಅದು ದೊಣ್ಣೆವರಸೆ ಅಥವಾ ಕೋಲುವರಸೆ ಆಗುತ್ತದೆ. ತಮಿಳರ ಸಿಲಂಬದ ಬಂಧು ಅದು. ಮೂರು ಕಡೆಯೂ ಆಂಧ್ರವೇ ಇರುವ ಪಾವಗಡದಲ್ಲಿ ತೆಲುಗಿನ 'ಕರ್ರ ಸಾಮು' ಎಂಬ ಮಾತೂ ಕಿವಿಗೆ ಹೊಸದಲ್ಲ. 'ಸಾಮು' ಎರಡೂ ಭಾಷೆಗಳದು. ಸಾಮು ತೆಗೆಯುವುದೆಂದರೆ ಅಂಗಸಾಧನೆ ಮಾಡುವುದು.

ಬಲಿತ ಬಿದಿರನ್ನು ನೆರಳಲ್ಲಿ ಒಣಗಿಸಿ, ಬೆಂಕಿಯ ಮೇಲೆ ಕಾಯಿಸಿ ನೆಟ್ಟಗೆ ಮಾಡಿ, ಎಣ್ಣೆ ಕುಡಿಸಿದ ಕೋಲು ಹೆಚ್ಚು ಭಾರವಿರುವುದಿಲ್ಲ, ಬೇಗ ಸೀಳುವುದಿಲ್ಲ. ಅಗಲವಾಗಿ ತಿರುಗಿಸುತ್ತ ಮುಂದುವರಿದರೆ ಎದುರಾಳಿ ಕೋಲಿನ ಅಂಚಿನಾಚೆಗೇ ನಿಲ್ಲಬೇಕಾಗುತ್ತದೆ. ಚಾಕು ಹಿಡಿದವನೂ ಆ ಸುತ್ತನ್ನು ದಾಟದೆ ಹತ್ತಿರ ಬರಲಾರ. ಪಳಗಿದವರು ತಲೆಗೆ ಹೊಡೆಯುವುದಕ್ಕಿಂತ ಮಣಿಕಟ್ಟಿಗೋ ಮೊಣಕಾಲಿಗೋ ಗುರಿಯಿಡುತ್ತಾರೆ. ಮಣಿಕಟ್ಟಿಗೆ ಬಿದ್ದ ಒಂದು ಏಟಿಗೆ ಕೈಯಲ್ಲಿದ್ದ ಆಯುಧ ನೆಲಕ್ಕೆ ಬೀಳುತ್ತದೆ, ಮೊಣಕಾಲಿಗೆ ಬಿದ್ದರೆ ಅಟ್ಟಿಸಿಕೊಂಡು ಬರುವುದು ನಿಲ್ಲುತ್ತದೆ. ಇದಕ್ಕೆ ಪೈಲ್ವಾನನ ಮೈ ಬೇಕಿಲ್ಲ. ವಯಸ್ಸಾದವರೂ ಹೆಂಗಸರೂ ತಮಗಿಂತ ಬಲಿಷ್ಠನನ್ನು ದೂರವಿಡಬಲ್ಲರು. ಕೊರತೆಯೂ ಇದೆ: ಓಣಿಯಲ್ಲಿ, ಮನೆಯೊಳಗೆ, ಮೈಗೆ ಮೈ ತಾಗಿದಾಗ ಕೋಲು ತಿರುಗುವುದಿಲ್ಲ.

ಮೈಗೆ ಮೈ ತಾಗಿದಾಗ ಏನು ಮಾಡಬೇಕೆಂಬುದನ್ನು ಕಲಿಸಿದ್ದು ಗರಡಿಮನೆ. ಹಳೆಯ ಕನ್ನಡದಲ್ಲಿ 'ಗರುಡಿ' ಎಂದರೆ ಆಯುಧವಿದ್ಯೆಯ ಶಾಲೆ. ಕಾಲಕ್ರಮೇಣ ಕತ್ತಿ ಹೊರಗೆ ಹೋಗಿ ಕುಸ್ತಿ ಒಳಗೆ ಉಳಿಯಿತು. ಗರಡಿಯ ಮಾತುಗಳಲ್ಲೇ ಎರಡು ಹೊಳೆಗಳು ಕೂಡಿವೆ. ಮಲ್ಲ, ಜಟ್ಟಿ, ಪಟ್ಟು, ವರಸೆ ಒಂದು ಕಡೆಯವು. ಪೈಲ್ವಾನ್, ಉಸ್ತಾದ್, ತಾಲೀಮು, ಕಸರತ್ತು, ಕುಸ್ತಿ ಇನ್ನೊಂದು ಕಡೆಯವು, ಪಾರಸಿ ಮತ್ತು ಅರಬ್ಬಿ ಮೂಲದವು. ಬಿಜಾಪುರದವರೂ ಮೊಗಲರೂ ನೂರು ವರ್ಷಕ್ಕೂ ಮಿಕ್ಕಿ ಠಾಣ್ಯ ಹೂಡಿದ್ದ ಶಿರಾದ ಸುತ್ತ ಈ ಎರಡನೆಯ ಗುಂಪಿನ ಮಾತುಗಳು ಮನೆಮಾತಾದದ್ದು ಸಹಜ. ಹಿಂದೂ ಪೈಲ್ವಾನನಿಗೆ ಮುಸ್ಲಿಂ ಉಸ್ತಾದ್, ಮುಸ್ಲಿಂ ಹುಡುಗನಿಗೆ ಹಿಂದೂ ಜೋಡಿ, ಇದು ಕನ್ನಡನಾಡಿನ ಗರಡಿಗಳ ನಡವಳಿಕೆ. ಅದನ್ನು ಮರೆಯದೆ ದಾಖಲಿಸಬೇಕು.

ಗರಡಿಯ ಬಾಗಿಲು ತಗ್ಗು. ಬಾಗಿಯೇ ಒಳಗೆ ಹೋಗಬೇಕು. ಒಳಗೆ ಮಬ್ಬು ಬೆಳಕು, ಹನುಮಂತನ ಪಟ, ಗೋಡೆಗೆ ಒರಗಿಸಿದ ಗದೆ. ನಡುವಿನ ಅಖಾಡದ ಕೆಂಪು ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಶಿನ, ಕುಂಕುಮ ಬೆರೆಸಿ ಹದ ಮಾಡಿರುತ್ತಾರೆ. ಬೆಳಗಿನ ಜಾವ ಬಂದ ಹುಡುಗ ಮೊದಲು ಮಣ್ಣು ಅಗೆಯಬೇಕು, ಅದೇ ಮೊದಲ ಕಸರತ್ತು. ಆಮೇಲೆ ದಂಡ, ಬಸ್ಕಿ, ಕೊನೆಗೆ ಜೋಡಿಯೊಂದಿಗೆ ಪಟ್ಟು. ಮಣ್ಣನ್ನು ಮೈಗೆ ಹಚ್ಚಿಕೊಂಡು ಇಬ್ಬರೂ ಕುತ್ತಿಗೆಗೆ, ತೋಳಿಗೆ ಕೈಹಾಕಿ ತಳ್ಳಾಡುತ್ತಾರೆ. ಮಡಿವಾಳರು ಕಲ್ಲಿಗೆ ಬಟ್ಟೆ ಒಗೆಯುವಂತೆ ಎದುರಾಳಿಯನ್ನು ಹೆಗಲ ಮೇಲಿಂದ ಎತ್ತಿ ಹಾಕುವ ಧೋಬಿ ಪಛಾಡ್ ಕಲಿಯುವವನು ನೂರು ಸಲ ಎತ್ತುತ್ತಾನೆ, ನೂರು ಸಲ ತಾನೂ ಬೀಳುತ್ತಾನೆ. ಕುಸ್ತಿಯ ನಿಜವಾದ ಬಲ ಅಡಗಿರುವುದು ಇಲ್ಲಿ. ಎದುರಿನವನು ಒಪ್ಪಿಕೊಂಡು ಬೀಳುವುದಿಲ್ಲ, ಪೂರ್ತಿ ಶಕ್ತಿ ಹಾಕಿ ತಡೆಯುತ್ತಾನೆ. ಹಾಗೆ ತಡೆದಾಗಲೂ ನಡೆಯುವ ಪಟ್ಟೇ ಪಟ್ಟು. ಉಸಿರು ಕಟ್ಟಿದಾಗ, ಕುತ್ತಿಗೆ ಸಿಕ್ಕಿಬಿದ್ದಾಗ ಗಾಬರಿಯಾಗದಿರುವುದನ್ನು ಮೈ ತಾನಾಗಿ ಕಲಿಯುತ್ತದೆ.

ಮೈಸೂರಿನ ಜಟ್ಟಿಗಳ ವಜ್ರಮುಷ್ಟಿಯೊಡನೆ ಕುಸ್ತಿಯನ್ನು ಹೋಲಿಸಿದರೆ ಮಾತು ಇನ್ನೂ ತಿಳಿಯಾಗುತ್ತದೆ. ಬೆರಳುಗಳಿಗೆ ಮೊನೆಯುಳ್ಳ ಮುಷ್ಟಿ ಆಯುಧ ತೊಟ್ಟು, ತಲೆ ಬೋಳಿಸಿಕೊಂಡು, ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ನಡೆಯುವ ಈ ಕಾಳಗ ತಲೆಯಿಂದ ಮೊದಲ ರಕ್ತ ಚಿಮ್ಮಿದೊಡನೆ ಮುಗಿಯುತ್ತದೆ. ನೋಡುವವರಿಗೆ ಕುಸ್ತಿಗಿಂತ ಹತ್ತು ಪಟ್ಟು ಭಯಂಕರ. ಆದರೆ ಇಷ್ಟು ಅಪಾಯದ ವಿದ್ಯೆಯನ್ನು ದಿನವೂ ಪೂರ್ತಿ ಬಲದಿಂದ ಅಭ್ಯಾಸ ಮಾಡಲಾಗುವುದಿಲ್ಲ. ವರ್ಷಕ್ಕೊಮ್ಮೆ, ಕೆಲವೇ ನಿಮಿಷ. ಜಪಾನಿನಲ್ಲಿ ಜಿಗೊರೊ ಕಾನೊ 1882ರಲ್ಲಿ ಜೂಡೊ ಶಾಲೆ ತೆರೆದಾಗ ಇದೇ ತೊಡಕನ್ನು ಬಿಡಿಸಿದ. ಹಳೆಯ ಜುಜುತ್ಸುವಿನಲ್ಲಿ ಅಂಗ ಊನಮಾಡುವ ಪಟ್ಟುಗಳನ್ನು ಬದಿಗಿಟ್ಟು, ಉಳಿದವನ್ನು ದಿನವೂ ಪೂರ್ತಿ ಬಲದಿಂದ ಸೆಣಸಿ ಕಲಿಯುವಂತೆ ಮಾಡಿದ. ಮಧುಗಿರಿ ಸೀಮೆಯ ಗರಡಿಗಳಲ್ಲಿ ಕುಸ್ತಿ ಉಳಿದದ್ದಕ್ಕೂ ಕಾರಣ ಅದೇ: ಸಂಜೆ ಸೆಣಸಿದವರು ಮರುದಿನ ಹೊಲಕ್ಕೆ ಹೋಗಬಲ್ಲರು.

ಕುಸ್ತಿಯೂ ಪೂರ್ಣವಲ್ಲ. ಹದಮಾಡಿದ ಮಣ್ಣಿನ ಮೇಲೆ ಬಿದ್ದೇಳುವವನಿಗೆ ಕಲ್ಲು ನೆಲ ಬೇರೆಯೇ ಪಾಠ ಕಲಿಸುತ್ತದೆ. ಗುದ್ದು, ಒದೆತ ನಿಷಿದ್ಧವಾದ ಕಣದಲ್ಲಿ ಬೆಳೆದವನು ಮುಖ ಕಾಯ್ದುಕೊಳ್ಳುವುದನ್ನು ಕಲಿತಿರುವುದಿಲ್ಲ. ಒಬ್ಬನನ್ನು ಕೆಡವಿ ಮೇಲೆ ಕೂತಾಗ ಎರಡನೆಯವನು ಹಿಂದಿನಿಂದ ಬಂದರೆ ಗೆದ್ದವನೇ ಸಿಕ್ಕಿಬೀಳುತ್ತಾನೆ. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ ಗರಡಿಯಲ್ಲಿ ಹೆಂಗಸರಿಗೆ ಪ್ರವೇಶವಿರಲಿಲ್ಲ. ಆತ್ಮರಕ್ಷಣೆ ಯಾರಿಗೆ ಹೆಚ್ಚು ಬೇಕಿತ್ತೋ ಅವರನ್ನೇ ಹೊರಗಿಟ್ಟ ವಿದ್ಯೆ ಅದು. ನೆರೆಯ ಚಿತ್ರದುರ್ಗದಲ್ಲಿ ಹೈದರನ ಮುತ್ತಿಗೆಯ ಕಾಲದ ಓಬವ್ವನ ಕಥೆಯಲ್ಲಿ ಆಕೆ ಕೈಗೆತ್ತಿಕೊಂಡದ್ದು ಒನಕೆಯನ್ನು. ಭತ್ತ ಕುಟ್ಟಿ ಕುಟ್ಟಿ ತೋಳಿಗೆ ಅದರ ತೂಕವೂ ಬೀಸೂ ಚೆನ್ನಾಗಿ ಗೊತ್ತಿತ್ತು. ದನಗಾಹಿಯ ಕೋಲಿನಂತೆ ಅದೂ ದಿನಬಳಕೆಯ ವಸ್ತುವೇ.

ಕತ್ತಿವರಸೆ ಈ ಸೀಮೆಯಲ್ಲಿ ಕುಂದಿದ್ದು ವಿದ್ಯೆಯ ದೋಷದಿಂದಲ್ಲ, ಆಳ್ವಿಕೆಯ ಬದಲಾವಣೆಯಿಂದ. 1799ರಲ್ಲಿ ಟಿಪ್ಪು ಮಡಿದ ಮೇಲೆ ದಿವಾನ್ ಪೂರ್ಣಯ್ಯನವರು ಪಾಳೆಯಗಾರರ ಹಳೆಯ ಆಳುಗಳನ್ನು ಬರಿಗೈಯಲ್ಲಿ ಬಿಡದೆ, ಸುಮಾರು 20,000 ಮಂದಿಯನ್ನು ಕಂದಾಚಾರದ ಸೇವೆಗೆ ಸೇರಿಸಿಕೊಂಡರು. ಇಂದು ಮೂಢ ಸಂಪ್ರದಾಯ ಎಂಬ ಅರ್ಥದಲ್ಲಿ ಬಳಕೆಯಾಗುವ ಈ ಮಾತು ಅಂದು ಊರುಕಾವಲಿನ ಸಶಸ್ತ್ರ ಪಡೆಯ ಹೆಸರು. ಊರಲ್ಲೇ ಇದ್ದು, ಸಂಬಳದ ಜೊತೆಗೆ ಬೇಸಾಯವನ್ನೂ ಮಾಡಿಕೊಂಡು, ಕರೆ ಬಂದಾಗ ಕತ್ತಿ, ಈಟಿ, ಕೋವಿಯೊಡನೆ ಹೊರಡುವವರು ಅವರು. 1831ರಿಂದ 1881ರವರೆಗಿನ ಬ್ರಿಟಿಷ್ ಕಮಿಷನರರ ಆಳ್ವಿಕೆಯಲ್ಲಿ ಅವರ ಜಾಗಕ್ಕೆ ಸಮವಸ್ತ್ರದ ಪೊಲೀಸರು ಬಂದರು. 1878ರ ಶಸ್ತ್ರಾಸ್ತ್ರ ಕಾಯ್ದೆ ಬ್ರಿಟಿಷ್ ಪ್ರಾಂತ್ಯಗಳಲ್ಲಿ, ಅಂದರೆ ಪಾವಗಡವನ್ನು ಸುತ್ತುವರಿದ ಅನಂತಪುರ ಸೀಮೆಯಲ್ಲಿ, ಕೋವಿ ಕತ್ತಿಗಳಿಗೆ ಪರವಾನಗಿ ಬೇಕೆಂದಿತು. ಕತ್ತಿ ವೀರಗಾಸೆಯವರ ಕೈಯಲ್ಲಿ, ಜಾತ್ರೆ ಮೆರವಣಿಗೆಗಳಲ್ಲಿ ಉಳಿಯಿತು. ಕೋಲಿಗೆ ಯಾರೂ ಪರವಾನಗಿ ಕೇಳಲಿಲ್ಲ.

ಇದೇ ಕಾಲದಲ್ಲಿ ಆತ್ಮರಕ್ಷಣೆ ಕಾನೂನಿನ ಪದವೂ ಆಯಿತು. 1860ರ ದಂಡ ಸಂಹಿತೆಯ 96ರಿಂದ 106ರವರೆಗಿನ ಕಲಮುಗಳು, 2024ರ ಜುಲೈ 1ರಿಂದ ಅವುಗಳ ಜಾಗದಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ತನ್ನ ಮತ್ತು ಇತರರ ಮೈ, ಸ್ವತ್ತು ಕಾಯ್ದುಕೊಳ್ಳುವ ಹಕ್ಕನ್ನು ಒಪ್ಪುತ್ತವೆ. ಮುಖ್ಯ ಷರತ್ತು ಎರಡು: ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಬಲ ಬಳಸಬಾರದು, ಸರ್ಕಾರಿ ಅಧಿಕಾರಿಗಳ ನೆರವು ಪಡೆಯಲು ಸಮಯವಿದ್ದರೆ ಈ ಹಕ್ಕು ಇಲ್ಲ. ಬಿದ್ದವನಿಗೆ ಮತ್ತೆ ಹೊಡೆದರೆ ರಕ್ಷಣೆ ಅಪರಾಧವಾಗಿ ತಿರುಗುತ್ತದೆ. ಈ ಅಳತೆಗೋಲಿನಲ್ಲಿ ನೋಡಿದರೆ ಹಿಡಿದು ನಿಲ್ಲಿಸುವ ಕುಸ್ತಿ, ದೂರವಿಡುವ ದೊಣ್ಣೆವರಸೆ ಎರಡೂ ಕತ್ತಿಗಿಂತ ಮೇಲು, ಏಕೆಂದರೆ ಏಟಿನ ಪ್ರಮಾಣ ಬಳಸುವವನ ಹತೋಟಿಯಲ್ಲಿರುತ್ತದೆ.

20ನೆಯ ಶತಮಾನದಲ್ಲಿ ಗರಡಿಗಳಿಗೆ ಎರಡು ಕಡೆಯಿಂದ ಪೈಪೋಟಿ ಬಂತು. ಕೆ.ವಿ. ಅಯ್ಯರ್ ಅವರ ಬೆಂಗಳೂರಿನ ಹರ್ಕ್ಯುಲಸ್ ವ್ಯಾಯಾಮಶಾಲೆಯಂಥವು ಕಟ್ಟುಮಸ್ತಾದ ಮೈಯನ್ನೇ ಗುರಿಯಾಗಿಸಿದವು. ಸೆಣಸಾಟ ಅಲ್ಲಿ ಮುಖ್ಯವಲ್ಲ. ಇನ್ನೊಂದು ಕಡೆಯಿಂದ ಬಂದದ್ದು ಕರಾಟೆ. ಒಕಿನಾವಾದ ಗಿಚಿನ್ ಫುನಕೋಶಿ 1922ರಲ್ಲಿ ಟೋಕಿಯೊದಲ್ಲಿ ಪ್ರದರ್ಶಿಸಿದ ಈ ವಿದ್ಯೆ, 1973ರ 'ಎಂಟರ್ ದಿ ಡ್ರ್ಯಾಗನ್' ಸಿನಿಮಾ ಎಬ್ಬಿಸಿದ ಅಲೆಯ ನಂತರ ತಾಲ್ಲೂಕು ಕೇಂದ್ರಗಳಿಗೂ ಇಳಿಯಿತು. ಕರಾಟೆಗೆ ಮಣ್ಣು ಹದಮಾಡುವುದು ಬೇಡ, ಶಾಲೆಯ ಬಯಲು ಸಾಕು. ಹೆಣ್ಣುಮಕ್ಕಳನ್ನು ಹೊರಗಿಡುವ ನಿಯಮವೂ ಇರಲಿಲ್ಲ. ಇದು ಸಣ್ಣ ಲಾಭವಲ್ಲ. ಆದರೆ ಸಾಲಾಗಿ ನಿಂತು ಗಾಳಿಗೆ ಗುದ್ದುವ 'ಕಾತಾ' ಅಭ್ಯಾಸವೊಂದೇ ಆದರೆ ಕರಾಟೆಯೂ ಜಾತ್ರೆಯ ಕತ್ತಿವರಸೆಯ ಹಾದಿಯನ್ನೇ ಹಿಡಿಯುತ್ತದೆ. ಜೋಡಿಯೆದುರು ಸೆಣಸಿದಷ್ಟೂ ಅದು ಗರಡಿಯ ಗುಣ ಪಡೆಯುತ್ತದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳೂ ಸೇರಿ ಇಂದು ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿ ಆತ್ಮರಕ್ಷಣೆಯ ಇತ್ತೀಚಿನ ಅಧ್ಯಾಯ ನಡೆಯುತ್ತಿರುವುದು ಶಾಲೆಯ ಅಂಗಳದಲ್ಲಿ. ಸಮಗ್ರ ಶಿಕ್ಷಾ ಯೋಜನೆಯಡಿ ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನಲ್ಲಿ ಮೂರು ತಿಂಗಳ ತರಬೇತಿಯಿದೆ. ರಾಜ್ಯದ ವಸತಿ ಶಾಲೆಗಳಲ್ಲಿ ಓಬವ್ವನ ಹೆಸರಿನ ಆತ್ಮರಕ್ಷಣಾ ಕಲೆಯ ತರಗತಿಗಳಿವೆ. ಮೂರು ತಿಂಗಳಲ್ಲಿ ಯಾರೂ ಕರಾಟೆ ಪಟುವಾಗುವುದಿಲ್ಲ. ಏನನ್ನು ಕಲಿಸಿದರೆ ಆ ಮೂರು ತಿಂಗಳು ಸಾರ್ಥಕ ಎಂಬುದಕ್ಕೆ ಒಂದು ಅಧ್ಯಯನ ದಾರಿ ತೋರುತ್ತದೆ. ಕೆನಡಾದ ಮೂರು ವಿಶ್ವವಿದ್ಯಾಲಯಗಳ ಸುಮಾರು 900 ವಿದ್ಯಾರ್ಥಿನಿಯರ ಮೇಲೆ ನಡೆಸಿದ, 2015ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, 12 ತಾಸಿನ ತರಬೇತಿ ಪಡೆದವರಲ್ಲಿ ಒಂದು ವರ್ಷದೊಳಗೆ ಅತ್ಯಾಚಾರಕ್ಕೆ ಗುರಿಯಾದವರ ಪ್ರಮಾಣ ಶೇ. 5.2, ತರಬೇತಿ ಪಡೆಯದವರಲ್ಲಿ ಶೇ. 9.8. ಅಲ್ಲಿ ಕಲಿಸಿದ್ದು ಹೊಡೆತ ಬಡಿತಗಳನ್ನು ಮಾತ್ರವಲ್ಲ. ಪರಿಚಿತರಿಂದಲೇ ಬರುವ ಅಪಾಯವನ್ನು ಬೇಗ ಗುರುತಿಸುವುದು, ಸಂಕೋಚವಿಲ್ಲದೆ ಬೇಡವೆನ್ನುವುದು, ಕೂಗುವುದು ಅದರ ದೊಡ್ಡ ಭಾಗ. ಭಾರತದಲ್ಲಿ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಆರೋಪಿಗಳು ಪರಿಚಿತರೇ ಆಗಿರುವಾಗ ಈ ಪಾಠದ ತೂಕ ಇನ್ನೂ ಹೆಚ್ಚು. ದೂರದಲ್ಲೇ ಧೂಳು ಕಂಡು ಕೊಂಬೂದುವ ಹುಡೇವಿನ ಕಾವಲು ಮಾಡುತ್ತಿದ್ದುದೂ ಇದನ್ನೇ.

ಶಾಲೆಯ ತರಗತಿಗಳಲ್ಲಿ ಸಾಮಾನ್ಯವಾಗಿ ಮೊದಲ ದಿನಗಳಲ್ಲೇ ಕಲಿಸುವ ಪಾಠ, ಮಣಿಕಟ್ಟು ಹಿಡಿದವನಿಂದ ಬಿಡಿಸಿಕೊಳ್ಳುವುದು. ಹಿಂದಕ್ಕೆ ಜಗ್ಗಿದರೆ ಬಲವಿದ್ದವನೇ ಗೆಲ್ಲುತ್ತಾನೆ. ಹಿಡಿದವನ ನಾಲ್ಕು ಬೆರಳು ಒಂದು ಕಡೆ, ಹೆಬ್ಬೆರಳೊಂದೇ ಇನ್ನೊಂದು ಕಡೆ ಇರುತ್ತದೆ. ಹೆಬ್ಬೆರಳಿನ ತುದಿಯೂ ಬೆರಳುಗಳ ತುದಿಯೂ ಕೂಡುವ ಸಂದಿಯ ಕಡೆಗೆ ಮುಂಗೈಯನ್ನು ತಿರುಗಿಸಿ, ಮೊಣಕೈ ಮಡಚಿ, ಒಂದು ಹೆಜ್ಜೆ ಮುಂದೆ ಇಟ್ಟರೆ ಹಿಡಿತ ಜಾರುತ್ತದೆ. ಗರಡಿಯ ಉಸ್ತಾದರು ಅಖಾಡದ ಮಣ್ಣಿನಲ್ಲಿ ನಿಂತು ಹುಡುಗರಿಗೆ ತೋರಿಸಿಕೊಡುತ್ತಿದ್ದ ಬಿಡುಗಡೆಯೂ ಇದೇ ಸಂದಿಯದು.